ಕಿಂಡಿ ಅಣೆಕಟ್ಟಿಗೊಂದು ಪರದೆ

ಹೊರಗೆ ಇಡುವುದಕ್ಕೆ ಮುಟ್ಟಿ ನಡೆಸುವ ಪರದೆಯ ಒಂದು ಪ್ಯಾನೆಲ್ ಬೇಕು ಎಂದೆ. "ಹೊರಗೆ ಅಂದ್ರೆ ಎಷ್ಟು ಹೊರಗೆ ಮೇಡಂ?" ಎಂದು ಬೆಂಗಳೂರಿನ ಸೇಲ್ಸ್‌ಮನ್ ಫೋನಿನಲ್ಲಿ ಕೇಳಿದ. ಹೊರಗೆ ಅಂದರೆ ಹೊರಗೆ. ಅದರಲ್ಲಿ ಎಷ್ಟು ಅಂತಲೂ ಇರುತ್ತದೆ ಎಂದು ಕಾಲೇಜಿನಲ್ಲಿ ನನಗೆ ಯಾರೂ ಹೇಳಿರಲಿಲ್ಲ. ನಾನು ತಡವರಿಸಿದ್ದು ಕೇಳಿ ಅವನಿಗೆ ಹುರುಪು ಬಂತು. ನೀರು ಬೀಳುತ್ತದಾ, ನೀರು ರಾಚುತ್ತದಾ, ಧೂಳು ಕೂರುತ್ತದಾ, ಮುಟ್ಟುವವರು ಕೈಗೆ ಗ್ಲೌಸ್ ಹಾಕುತ್ತಾರಾ, ಹತ್ತಿರದಲ್ಲಿ ಸಮುದ್ರ ಉಂಟಾ ಎಂದು ಒಂದೇ ಉಸಿರಿಗೆ ಕೇಳಿದ. ಆಮೇಲೆ ಹೇಳುತ್ತೇನೆ ಎಂದು ಫೋನ್ ಇಟ್ಟೆ.

ವೇಣೂರಿನ ಹತ್ತಿರ ಫಲ್ಗುಣಿ ನದಿಯ ಕಿಂಡಿ ಅಣೆಕಟ್ಟಿಗೆ ಹಲಗೆಗಳ ಬದಲು ಮೋಟಾರಿನ ಗೇಟು ಹಾಕುವ ಕೆಲಸ ನಡೆದಿತ್ತು. ಮೊದಲಾದರೆ ಮಳೆ ನಿಂತ ಮೇಲೆ ಊರಿನವರು ಸೇರಿ ಕಿಂಡಿಗಳಿಗೆ ಹಲಗೆ ಇಳಿಸಿ ಬೇಸಿಗೆಗೆ ನೀರು ನಿಲ್ಲಿಸುತ್ತಿದ್ದರು, ಮಳೆಗೆ ಮುಂಚೆ ಎಲ್ಲವನ್ನೂ ಎತ್ತಿ ಇಡುತ್ತಿದ್ದರು. ಇನ್ನು ಮುಂದೆ ಅಣೆಕಟ್ಟಿನ ಮೇಲೆ ನಿಂತು ಒಂದು ಪರದೆಯನ್ನು ಬೆರಳಿನಿಂದ ಮುಟ್ಟಿದರೆ ಸಾಕು, ಬೇಕಾದ ಗೇಟು ಏಳುತ್ತದೆ, ಇಳಿಯುತ್ತದೆ. ಆ ಪರದೆಯನ್ನು ಆರಿಸಿ ಕೂರಿಸಿಕೊಡುವ ಕೆಲಸ ಬಂಟ್ವಾಳದ ನಮ್ಮ ಅಂಗಡಿಗೆ ಬಂದಿತ್ತು.

ನಮ್ಮ ಅಂಗಡಿ ಎಂದರೆ ನನ್ನ ಉಪ್ಪನ, ಅಂದರೆ ಅಪ್ಪನ, ಅಂಗಡಿ. ಸುಟ್ಟುಹೋದ ಪಂಪಿನ ಮೋಟಾರಿಗೆ ಮತ್ತೆ ತಂತಿ ಸುತ್ತುವುದರಲ್ಲಿ ಅಬ್ದುಲ್ ರವೂಫ್ ಎಂದರೆ ಬೆಳ್ತಂಗಡಿವರೆಗೂ ಹೆಸರು. ಮೊಣಕಾಲು ಕೈಕೊಟ್ಟ ಮೇಲೆ ಉಪ್ಪನಿಗೆ ನಿಂತು ಕೆಲಸ ಮಾಡಲು ಆಗುತ್ತಿರಲಿಲ್ಲ. ಪಕ್ಕದ ನಿಝಾರ್ ಮೊಬೈಲ್ ಕವರ್ ಮಾರುವುದಕ್ಕೆ ಆ ಜಾಗವನ್ನು ಕೇಳುತ್ತಲೇ ಇದ್ದ. ನಾನು ಮೂಡುಬಿದಿರೆಯಲ್ಲಿ ಎಲೆಕ್ಟ್ರಿಕಲ್ ಓದಿದವಳು. ಅಂಗಡಿ ನನಗೇ ಬೇಕು ಎಂದು ಹಟ ಹಿಡಿದೆ. ಉಪ್ಪ ಬೇಡ ಎನ್ನಲಿಲ್ಲ, ಆಯಿತು ಎಂದೂ ಅನ್ನಲಿಲ್ಲ.

"ಈ ಅಣೆಕಟ್ಟಿನ ಕೆಲಸ ನೀನೊಬ್ಬಳೇ ಮಾಡು ಶಮ್ನಾ," ಎಂದರು. "ಮುಂದಿನ ಮಳೆಗಾಲದವರೆಗೆ ಒಂದೇ ಒಂದು ಕಂಪ್ಲೇಂಟ್ ಬರಬಾರದು. ಬಂದ್ರೆ ಅಂಗಡಿ ನಿಝಾರನಿಗೆ."

ನನಗೆ ಸಿಟ್ಟು ಬಂತು. ಉಪ್ಪ ಸುತ್ತಿದ ಮೋಟಾರಿಗೆ ಕಂಪ್ಲೇಂಟೇ ಬಂದಿಲ್ಲವಾ? ಬಂದದ್ದನ್ನೆಲ್ಲ ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಆದರೂ ಒಪ್ಪಿದೆ. ಅಂಗಡಿ ಬೇಕಿತ್ತಲ್ಲ.

ಅಲ್ಲಿಂದ ಶುರುವಾಯಿತು ತಲೆಚಿಟ್ಟು. ಕಂಪನಿಗಳು ಕಳಿಸಿದ ವಿವರಗಳನ್ನು ಓದಿದಷ್ಟೂ ನನಗೆ ಗೊತ್ತಿದ್ದದ್ದೂ ಮರೆಯುತ್ತಿತ್ತು. ಒಬ್ಬ ನೀರು ತಡೆಯುವ ದರ್ಜೆ ಅರವತ್ತೈದು ಸಾಕು ಎನ್ನುತ್ತಾನೆ, ಇನ್ನೊಬ್ಬ ಅರವತ್ತಾರು ಇಲ್ಲದೆ ಹೊರಗೆ ಕಾಲಿಡಬೇಡಿ ಎನ್ನುತ್ತಾನೆ. ಒಬ್ಬನ ಪರದೆ ಬೆರಳಿಗೆ ಮಾತ್ರ ಓಗೊಡುತ್ತದೆ, ಇನ್ನೊಬ್ಬನದು ಕಡ್ಡಿಯಲ್ಲಿ ಒತ್ತಿದರೂ ನಡೆಯುತ್ತದೆ. ಎಲ್ಲರ ಚಿತ್ರದಲ್ಲೂ ಹಳದಿ ಹೆಲ್ಮೆಟ್ಟಿನ ಒಬ್ಬ ಬಿಳಿಯ ನಗುತ್ತಾ ನಿಂತಿದ್ದಾನೆ. ಅವನಿಗೇನು, ಅವನ ಉಪ್ಪ ಅವನಿಗೆ ಷರತ್ತು ಹಾಕಿಲ್ಲ.

ಕೊನೆಗೆ ಎರಡು ಉಳಿದವು. ಒಂದು ಪ್ಯಾನೆಲ್ ಕಾರ್ಖಾನೆಗಳಲ್ಲಿ ಪೈಪು ಹಿಡಿದು ತೊಳೆದರೂ ಒಳಗೆ ಹನಿ ಹೋಗದ ಸ್ಟೀಲಿನದು, ಬೆಳಕು ಸಾಧಾರಣ. ಇನ್ನೊಂದು ನೀರಿಗೆ ಅಷ್ಟೇನೂ ಗಟ್ಟಿಯಲ್ಲ, ಮಳೆಗೆ ಸಾಕು ಅನ್ನುವಷ್ಟು. ಆದರೆ ಪರದೆಯ ಬೆಳಕು ಮೊದಲಿನದರ ಮೂರು ಪಟ್ಟು. ಬೆಲೆ ಹೆಚ್ಚುಕಡಿಮೆ ಒಂದೇ. ಬೆಳಿಗ್ಗೆ ಇದು ಎಂದು ನಿರ್ಧರಿಸಿದರೆ ಮಧ್ಯಾಹ್ನ ಊಟದ ಹೊತ್ತಿಗೆ ಅದು ಎನ್ನಿಸುತ್ತಿತ್ತು.

ಆಗ ಜುಲೈ ತಿಂಗಳು. ಅಂಗಡಿಯ ಎದುರಿನ ರಸ್ತೆ ಕಾಣದಷ್ಟು ಮಳೆ. ಸೀಲಿಂಗಿನ ಮೂಲೆಯಿಂದ ನೀರು ತೊಟ್ಟಿಕ್ಕಿ ಕೆಳಗೆ ಬಕೆಟ್ ಇಟ್ಟಿದ್ದೆವು. ಯಾರನ್ನು ಕೇಳಿದರೂ ಮಳೆಯದೇ ಮಾತು. ಉಮ್ಮ ನೀರು ಹೋಗದ್ದು ತಕೋ ಎಂದರು. ಬಿಲ್ ಕೊಡಲು ಬಂದ ಕರೆಂಟಿನವನು ಕೇಳದೆಯೇ ಅದನ್ನೇ ಹೇಳಿದ. ಅಣೆಕಟ್ಟಿನ ನೀರಿನ ಸಮಿತಿಯ ಅಧ್ಯಕ್ಷರಿಗೆ ಫೋನ್ ಮಾಡಿ, "ಬಿಸಿಲು ಹೇಗೆ ಸಾರ್ ಅಲ್ಲಿ?" ಎಂದು ಕೇಳಿದರೆ ಅವರು ನಕ್ಕುಬಿಟ್ಟರು.

"ಬಿಸಿಲಿಗೆ ಎಂತ ಆಗ್ತದೆ ಮಾರಾಯ್ತಿ? ಒಣಗ್ತದೆ ಅಷ್ಟೆ. ನೀವು ಮಳೆಯದ್ದು ನೋಡಿ. ಹೊರಗೆ ಇಡುದಲ್ವಾ?"

ಹೌದಲ್ಲ ಎನ್ನಿಸಿತು. ನಮ್ಮ ಕಡೆ ಹೊರಗೆ ಎಂದರೆ ಮಳೆ. ಹೊರಗಿಟ್ಟ ಚಪ್ಪಲಿ, ಹೊರಗಿಟ್ಟ ಕಟ್ಟಿಗೆ, ಹೊರಗಿಟ್ಟ ಬೈಕು, ಎಲ್ಲಕ್ಕೂ ನಾವು ಹೆದರುವುದು ಒಂದಕ್ಕೇ. ಸ್ಟೀಲಿನದಕ್ಕೆ ಆರ್ಡರ್ ಹಾಕಿ ಆ ದಿನ ನೆಮ್ಮದಿಯಾಗಿ ನಿದ್ದೆ ಮಾಡಿದೆ.

ಡಿಸೆಂಬರಿನಲ್ಲಿ ಪ್ಯಾನೆಲ್ ಕೂರಿಸಿದೆ. ಬೆಳಗಿನ ಹೊತ್ತು, ನದಿಯ ಮೇಲೆ ಇನ್ನೂ ಮಂಜಿತ್ತು. ಪರದೆಯಲ್ಲಿ ಗೇಟುಗಳ ಚಿತ್ರ ಚೆನ್ನಾಗಿ ಕಂಡಿತು. ಅಧ್ಯಕ್ಷರು ಅದರ ಮೇಲೆ ಒಂದು ಕೊಡ ನೀರು ಸುರಿದರು. ಏನೂ ಆಗಲಿಲ್ಲ, ಎಲ್ಲರೂ ಚಪ್ಪಾಳೆ ಹೊಡೆದರು. ಗೇಟು ನಡೆಸಲು ಸಮಿತಿ ನೇಮಿಸಿದ್ದ ಶೀನಪ್ಪಣ್ಣನಿಗೆ ನಾನೇ ಕೈಹಿಡಿದು ಕಲಿಸಿದೆ. ಹಲಗೆಯ ಕಾಲದಿಂದಲೂ ಅಲ್ಲಿ ಕೆಲಸ ಮಾಡಿದವರು, ಹಿಂದಿನ ವರ್ಷವಷ್ಟೇ ಕಣ್ಣಿನ ಪೊರೆಯ ಆಪರೇಶನ್ ಆಗಿತ್ತು. ಪರದೆಯನ್ನು ನೋಡಿ, "ಈಗ ಟಿವಿಗಿಂತ ಚೆಂದ ಕಾಣ್ತದೆ" ಎಂದರು.

ಜನವರಿ ಹೋಯಿತು, ಫೆಬ್ರವರಿ, ಮಾರ್ಚ್ ಹೋಯಿತು. ಒಂದು ಕಂಪ್ಲೇಂಟಿಲ್ಲ. ಅಂಗಡಿಗೆ ಹೊಸ ಬೋರ್ಡ್ ಯಾವ ಬಣ್ಣದ್ದು ಮಾಡಿಸುವುದು ಎಂದು ನಾನು ಯೋಚಿಸತೊಡಗಿದೆ. ಏಪ್ರಿಲಿನಲ್ಲಿ ಶಿರ್ತಾಡಿಯಲ್ಲಿ ಗೆಳತಿಯ ಮದುವೆಯ ಊಟ ಮುಗಿಸಿ, ಇಷ್ಟು ದೂರ ಬಂದವಳು ನನ್ನ ಪ್ಯಾನೆಲನ್ನು ಒಮ್ಮೆ ನೋಡಿ ಹೋಗುವ ಎಂದು ಸ್ಕೂಟರನ್ನು ವೇಣೂರಿನ ಕಡೆ ತಿರುಗಿಸಿದೆ. ಯಾರೂ ಕರೆದಿರಲಿಲ್ಲ.

ಮೂರೂವರೆಯ ಬಿಸಿಲು ಅಣೆಕಟ್ಟಿನ ಮೇಲೆ ನೇರವಾಗಿ ಬಿದ್ದಿತ್ತು. ಪ್ಯಾನೆಲಿನ ಮುಂದೆ ನಿಂತೆ. ಕಂಡದ್ದು ನನ್ನ ಮುಖ, ನನ್ನ ಹಿಂದಿನ ಆಕಾಶ. ಗೇಟಿಲ್ಲ, ಅಂಕಿಯಿಲ್ಲ. ಕೆಟ್ಟುಹೋಯಿತೇ ಎಂದುಕೊಂಡೆ. ಆದರೆ ಪಕ್ಕದಲ್ಲಿ ಹಸಿರು ದೀಪ ಉರಿಯುತ್ತಿತ್ತು. ಶೀನಪ್ಪಣ್ಣ ಮರದ ನೆರಳಿನಿಂದ ಎದ್ದು ಬಂದರು.

"ಇದು ನಡೀತಾ ಉಂಟಾ?" ಎಂದು ಕೇಳಿದೆ.

"ಉಂಟಲ್ಲ. ಚೆನ್ನಾಗಿ ಉಂಟು." ಅವರು ನನ್ನ ಮುಖ ನೋಡಲಿಲ್ಲ.

"ಈಗ ತೆರೆದದ್ದು ಎಷ್ಟನೇ ಗೇಟು, ಇದರಲ್ಲಿ ನೋಡಿ ಹೇಳಿ."

ಅವರು ಪರದೆಗೆ ಮೂಗು ತಾಗುವಷ್ಟು ಬಗ್ಗಿದರು. "ಮೂರು" ಎಂದರು.

ನಾನು ಅಣೆಕಟ್ಟಿನ ಅಂಚಿಗೆ ಹೋಗಿ ಬಗ್ಗಿ ನೋಡಿದೆ. ನೀರು ಹೋಗುತ್ತಿದ್ದದ್ದು ಎರಡನೆಯದರಲ್ಲಿ.

ಶೀನಪ್ಪಣ್ಣ ಅಲ್ಲೇ ಕಟ್ಟೆಯ ಮೇಲೆ ಕುಳಿತುಬಿಟ್ಟರು. ಮಾತು ಒಂದೊಂದಾಗಿ ಹೊರಬಂತು. ಮಾರ್ಚಿನಿಂದ ಮಧ್ಯಾಹ್ನ ಅವರಿಗೆ ಪರದೆಯಲ್ಲಿ ಏನೂ ಕಾಣುತ್ತಿರಲಿಲ್ಲ. ಅಂದಾಜಿನಲ್ಲಿ ಒತ್ತುತ್ತಿದ್ದರು. ಒಮ್ಮೆ ಬೇರೆ ಗೇಟು ತೆರೆದು ಕೆಳಗಿನ ದಡದಲ್ಲಿ ಊರಿನ ವಿಸ್ಮಿತಾ ಹಾಕಿದ್ದ ಅಲಸಂಡೆಯ ಚಪ್ಪರ ಕೊಚ್ಚಿಹೋಗಿತ್ತು. ಮುದುಕನಿಗೆ ಕಣ್ಣು ಹೋಗಿದೆ, ಬೇರೆ ಜನ ನೋಡುವ ಎಂದು ಸಮಿತಿಯಲ್ಲಿ ಮಾತು ಎದ್ದಿತ್ತು.

"ನಂಗೂ ಗೊತ್ತಾಯ್ತು ಮಗಾ, ಆಪರೇಶನ್ ಹಾಳಾಗಿದೆ ಅಂತ. ಮನೆಯಲ್ಲಿ ಹೆಂಡ್ತಿ ಸರಸಳಿಗೂ ಹೇಳ್ಲಿಲ್ಲ. ನೀನು ಯಾರಿಗೂ ಹೇಳ್ಬೇಡ. ಈ ಬೇಸಿಗೆ ಒಂದು ಹೇಗಾದ್ರೂ ಕಳೀತೇನೆ. ಮಳೆ ಶುರುವಾದ್ರೆ ಗೇಟೆಲ್ಲ ಎತ್ತಿ, ಇದನ್ನು ಬಿಚ್ಚಿ ಪಂಚಾಯತಿನ ಒಳಗೆ ಇಡುದಲ್ವಾ, ಮತ್ತೆ ಡಿಸೆಂಬರಿನವರೆಗೆ ಇದಕ್ಕೆ ಎಂತ ಕೆಲಸ?"

ಮಳೆಗಾಲದಲ್ಲಿ ಅಣೆಕಟ್ಟಿನಲ್ಲಿ ಗೇಟು ಇಳಿಸುವುದಿಲ್ಲ. ಇದು ನನಗೆ ಗೊತ್ತಿತ್ತು, ಅಧ್ಯಕ್ಷರಿಗೆ ಗೊತ್ತಿತ್ತು, ನೀರು ಸುರಿದಾಗ ಚಪ್ಪಾಳೆ ಹೊಡೆದ ಊರಿಗೆಲ್ಲ ಗೊತ್ತಿತ್ತು. ಮಳೆಯ ಮುಖವನ್ನೇ ನೋಡದ ಪ್ಯಾನೆಲಿಗೆ ನಾವೆಲ್ಲ ಸೇರಿ ಮಳೆಯ ರಕ್ಷಣೆ ಹುಡುಕಿದ್ದೆವು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಸ್ಕೂಟರಿನ ಡಿಕ್ಕಿಯಲ್ಲಿ ಕಪ್ಪು ರೈನ್‌ಕೋಟ್ ಇತ್ತು. ತಂದು ಶೀನಪ್ಪಣ್ಣನ ತಲೆಯ ಮೇಲಿಂದ ಪರದೆಗೂ ಸೇರಿಸಿ ಹೊದಿಸಿದೆ. ಬಿಸಿಲು ಒಳಗೆ ಬಾರದ ಹಾಗೆ ಅಂಚುಗಳನ್ನು ಹಿಡಿದು ನಾನು ಹೊರಗೆ ನಿಂತೆ.

"ಈಗ ಓದಿ."

ಒಳಗಿನಿಂದ ಸ್ವರ ಬಂತು. "ಎರಡನೇದು ತೆರೆದುಂಟು. ಒಂದು, ಮೂರು ಮುಚ್ಚಿ ಉಂಟು. ಕೆಳಗೆ ಚಿಕ್ಕ ಅಕ್ಷರದಲ್ಲಿ ನಿಮ್ಮ ಅಂಗಡಿಯ ಹೆಸರು, ಫೋನ್ ನಂಬರ್." ರೈನ್‌ಕೋಟಿನೊಳಗಿನಿಂದ ಮೂಗು ಎಳೆಯುವ ಸದ್ದು ಕೇಳಿತು.

ನಾನು ಬಾಯಿ ಮುಚ್ಚಿಕೊಂಡು ಮನೆಗೆ ಹೋಗಿದ್ದರೆ ಅಂಗಡಿ ನನ್ನದು. ಇನ್ನು ಮಳೆಗೆ ಎಷ್ಟು ದಿನ? ಆ ಯೋಚನೆ ಬರಲಿಲ್ಲ ಎಂದರೆ ಸುಳ್ಳು. ಬಂತು, ಚೆನ್ನಾಗಿಯೇ ಬಂತು. ಆದರೆ ಸುಮ್ಮನಿದ್ದರೆ ಈ ಮನುಷ್ಯನ ಕಣ್ಣು ಹೋಯಿತು ಎಂದು ಊರು ಮಾತಾಡುತ್ತಲೇ ಇರುತ್ತದೆ. ನನಗೆ ನನ್ನ ಮೇಲೆಯೇ ಸಿಟ್ಟು ಉಕ್ಕಿತು. ಅಲ್ಲೇ ನಿಂತು ಮೊದಲು ಅಧ್ಯಕ್ಷರಿಗೆ ಫೋನ್ ಮಾಡಿ ವಿಷಯ ಹೇಳಿದೆ, ಮನಸ್ಸು ಬದಲಾಗುವ ಮೊದಲೇ ಉಪ್ಪನಿಗೂ ಮಾಡಿದೆ.

"ಉಪ್ಪ, ವೇಣೂರಿನದ್ದು ಒಂದು ಕಂಪ್ಲೇಂಟ್ ಉಂಟು."

"ಯಾರದ್ದು?"

"ನಂದೇ. ಬಿಸಿಲಿಗೆ ಪರದೆ ಕಾಣುದಿಲ್ಲ. ನಾನು ಆರಿಸಿದ್ದೇ ತಪ್ಪು. ಶೀನಪ್ಪಣ್ಣನ ಕಣ್ಣು ಸರಿ ಉಂಟು."

ಆ ಕಡೆ ಅಂಗಡಿಯ ಫ್ಯಾನಿನ ಸದ್ದು ಕೇಳುತ್ತಿತ್ತು.

"ಬದಲಾಯಿಸಿ ಕೊಡ್ಬೇಕಲ್ಲ?" ಎಂದರು ಉಪ್ಪ.

"ಕೊಡ್ಬೇಕು."

"ನಿಝಾರ್ ಇಲ್ಲೇ ಕೂತಿದ್ದಾನೆ."

ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದೆ. ಉಪ್ಪ ಫೋನನ್ನು ಮೇಜಿನ ಮೇಲೆ ಇಟ್ಟಿರಬೇಕು, ಅವರ ಸ್ವರ ದೂರದಿಂದ ಕೇಳಿಸಿತು.

"ಜಾಗ ಕೊಡ್ಲಿಕ್ಕೆ ಆಗುದಿಲ್ಲ ನಿಝಾರ್. ನನ್ನ ಮಗಳಿಗೆ ಕೆಲಸ ಬಾಕಿ ಉಂಟು."