ದಾರವಿಲ್ಲದ ಹೊಲಿಗೆ

ತಮ್ಮನನ್ನು ಊರೆಲ್ಲ 'ಮೂರು ಕೋಟು' ಎಂದು ಕರೆಯುತ್ತಿದ್ದುದು ಸುಮ್ಮನೆ ಅಲ್ಲ. ಗೋಡೆಯೋ ಗೇಟೋ ಬೆಂಚೋ, ಒಮ್ಮೆ ಬ್ರಶ್ ಹಿಡಿದನೆಂದರೆ ಮೂರು ಕೋಟು ಬಣ್ಣ ಬಳಿಯದೆ ಏಣಿ ಇಳಿಯುವ ಆಸಾಮಿಯೇ ಅಲ್ಲ ಅವನು. ತಾತ ಕಟ್ಟಿಸಿದ್ದ ಟಾಕೀಸನ್ನು ಮತ್ತೆ ತೆರೆಯಲು ಹೊರಟಿದ್ದ ಅಕ್ಕ ಬಣ್ಣದ ಕೆಲಸವನ್ನು ಅವನಿಗೇ ಒಪ್ಪಿಸಿದ್ದಳು. ಅವಳು ಟೈಲರ್. ಹರಿದ ಸೀಟುಗಳಿಗೆಲ್ಲ ಹೊಸ ಹೊದಿಕೆ ಹೊಲಿದದ್ದು ಅವಳ ಅಂಗಡಿಯಲ್ಲೇ.

ಅಡ್ಡಗಾಲು ಹಾಕಿದ್ದು ಚಿಕ್ಕಪ್ಪ ಒಬ್ಬರೇ. ಕಟ್ಟಡದಲ್ಲಿ ಅವರಿಗೂ ಪಾಲಿತ್ತು, ನೋಡಿ.

"ಮೊದಲನೇ ಆಟ ನೋಡ್ತೀನಿ. ಚೆನ್ನಾಗಿದ್ರೆ ನಿಮ್ಮಿಷ್ಟ. ಇಲ್ಲಾಂದ್ರೆ ಇದು ಗೋಡೌನ್, ಮಾತು ಮುಗೀತು," ಎಂದಿದ್ದರು.

ಅಕ್ಕ ಒಂಚೂರೂ ಅಳುಕದೆ "ಆಗ್ಲಿ" ಎಂದಿದ್ದಳು.

ಆಟದ ದಿನ ಬೆಳಿಗ್ಗೆ ಪರೀಕ್ಷೆಗೆಂದು ಒಂದು ರೀಲು ಓಡಿಸಿದರು. ಚಿತ್ರವೇನೋ ಕಣ್ಣಿಗೆ ಹಬ್ಬ. ಮಾತು ಮಾತ್ರ ಕಂಬಳಿ ಹೊದ್ದು ಮಲಗಿದವರು ಗೊಣಗಿದಂತೆ ಕೇಳುತ್ತಿತ್ತು. ಆಪರೇಟರ್ ಧ್ವನಿ ಏರಿಸಿದಷ್ಟೂ ಗೊಣಗಾಟ ದೊಡ್ಡದಾಯಿತೇ ಹೊರತು ಒಂದಕ್ಷರ ತಿಳಿಯಲಿಲ್ಲ.

ಅಕ್ಕ ಪರದೆಯ ಹಿಂದೆ ಹೋದಳು. ಅಲ್ಲಿ ಸ್ಪೀಕರ್‌ಗಳ ಮುಂದೆ ನಿಂತರೆ ಪ್ರತಿ ಮಾತೂ ಸ್ಪಷ್ಟ. ಪರದೆಯ ಮೇಲೆ ಕೈಯಾಡಿಸಿದವಳೇ ತಮ್ಮನನ್ನು ಕೂಗಿದಳು.

"ಇದರ ತುಂಬ ಸಣ್ಣ ಸಣ್ಣ ತೂತು ಇತ್ತಲ್ಲೋ, ಎಲ್ಲಿ?"

"ಅದಾ? ಹುಳ ತಿಂದು ಜರಡಿ ಮಾಡಿಟ್ಟಿತ್ತಕ್ಕ," ಎಂದ ಮೂರು ಕೋಟು ಎದೆಯುಬ್ಬಿಸಿ. "ಮೂರು ಕೋಟು ಬಳಿದು ಒಂದೂ ಬಿಡದ ಹಾಗೆ ಮುಚ್ಚಿದೀನಿ."

"ಹುಳ ಅಲ್ವೋ ಪುಣ್ಯಾತ್ಮ! ಮಾತು ಹೊರಗೆ ಬರೋದೇ ಆ ತೂತಿಂದ."

ಅವನ ಮುಖ ಇಂಗು ತಿಂದ ಮಂಗನಂತಾಯಿತು.

ಸ್ಪೀಕರ್‌ಗಳನ್ನು ಪಕ್ಕಕ್ಕೆ ಎಳೆದಿಡೋಣ ಎಂದ ಆಪರೇಟರ್. ಅಕ್ಕ ಸುತರಾಂ ಒಪ್ಪಲಿಲ್ಲ. ಪರದೆಯ ನಡುವೆ ನಿಂತವಳ ಮಾತು ಬಾಗಿಲ ಹತ್ತಿರದಿಂದ ಬಂದರೆ ಅದು ಯಾವ ಸೀಮೆಯ ಸಿನಿಮಾ? ತಮ್ಮನೋ ಸೂಜಿಯೊಂದನ್ನು ತಂದು ಪರದೆಯಲ್ಲಿ ಒಂದೊಂದೇ ತೂತು ಚುಚ್ಚತೊಡಗಿದ. ಆ ವೇಗದಲ್ಲಿ ಮುಗಿಯಲು ಅವನ ಮೊಮ್ಮಕ್ಕಳೂ ಬಂದು ಕೈ ಹಚ್ಚಬೇಕಿತ್ತು. ಅವನ ಕಣ್ಣು ತುಂಬಿದ್ದು ಕಂಡು ಅಕ್ಕನಿಗೆ ಬೈಯಲು ಮನಸ್ಸೇ ಬರಲಿಲ್ಲ. ಸೂಜಿ ಕಿತ್ತುಕೊಂಡಳು. ಅದನ್ನೇ ನೋಡುತ್ತ ನಿಂತವಳು ಇದ್ದಕ್ಕಿದ್ದಂತೆ ನಕ್ಕುಬಿಟ್ಟಳು.

"ಪರದೆ ಇಳಿಸು. ನನ್ನ ಮಷಿನ್‌ಗಳು ಇರೋದು ಇನ್ಯಾಕೆ?"

ಚೌಕಟ್ಟಿನ ಹಗ್ಗ ಬಿಚ್ಚಿದರು. ಜೋಡಣೆಯ ಹೊಲಿಗೆ ಬಿಚ್ಚಿ, ಸ್ಪೀಕರ್‌ಗಳ ಎದುರಿಗೆ ಬರುವ ಪಟ್ಟಿಗಳನ್ನಷ್ಟೇ ಸುರುಳಿ ಸುತ್ತಿದರು. ಅಂಗಡಿಯ ಮಷಿನ್‌ಗಳು ಪರದೆಯ ಕಟ್ಟೆಗೇ ಬಂದವು. ಸೂಜಿಗೆ ದಾರ ಪೋಣಿಸಲಿಲ್ಲ. ಅಕ್ಕ ಮತ್ತು ಅವಳ ಅಂಗಡಿಯ ಹೆಂಗಸರು ಹರಟುತ್ತಲೇ ತುಳಿದರು. ಬರಿ ಸೂಜಿ ಸಾಲುಸಾಲಾಗಿ ತೂತು ಕೊರೆಯುತ್ತ ಓಡಿತು. ತಮ್ಮನಂತೂ ಸುರುಳಿಗಳನ್ನು ಎಳೆಗೂಸಿನಂತೆ ಎತ್ತಿ ಹಿಡಿದು ನಿಂತಿದ್ದ. ಕೊನೆಗೆ ಜೋಡಣೆಗೆ ಮಾತ್ರ ದಾರ ಹಾಕಿ, ಪರದೆಯನ್ನು ಮತ್ತೆ ಬಿಗಿದರು.

ಸಂಜೆ ಹಾಲ್ ತುಂಬಿತು. ಚಿಕ್ಕಪ್ಪ ಬೇಕೆಂದೇ ಬಾಲ್ಕನಿಯ ಕೊನೆಯ ಸಾಲಿನಲ್ಲಿ ಕೈಕಟ್ಟಿ ಕೂತರು. ಅಕ್ಕ ತಲೆ ಎತ್ತಿಯೇ ಅವರ ಪಕ್ಕ ನಿಂತಿದ್ದಳು. ಪರದೆಯ ಮೇಲೆ ತಾಯಿಯೊಬ್ಬಳು ಮಲಗಿದ್ದ ಮಗಳ ತಲೆ ಸವರುತ್ತ ಪಿಸುಗುಟ್ಟತೊಡಗಿದಳು. ಮೂರು ಕೋಟುವಿಗೆ ತಡೆಯಲಾಗಲಿಲ್ಲ. ಚಿಕ್ಕಪ್ಪನ ಕಿವಿಯ ಹತ್ತಿರ ಬಗ್ಗಿದ.

"ಕೇಳಿಸ್ತಿದೆಯಾ ಚಿಕ್ಕಪ್ಪ?"

"ಶ್!" ಚಿಕ್ಕಪ್ಪ ಪರದೆಯಿಂದ ಕಣ್ಣು ಕೀಳದೆ ಅವನ ಮುಖವನ್ನು ಆಚೆ ತಳ್ಳಿದರು. "ಬಾಯಿ ಮುಚ್ಚೋ. ಅವಳೇನೋ ಹೇಳ್ತಿದ್ದಾಳೆ."