ಅಜ್ಜಿ ತೀರಿಕೊಂಡದ್ದು ತಿಳಿದು ಬಂದವರು

ಮುಂದಿನ ಬೆಂಚಿನ ಅಕ್ಷಯಾಳ ಜಡೆಯ ರಿಬ್ಬನ್ ಸಡಿಲವಾಗುತ್ತಿದೆ, ಇನ್ನೊಮ್ಮೆ ತಲೆಯಾಡಿಸಿದರೆ ಬಿದ್ದೇ ಹೋದೀತು, ಅವಳಿಗೆ ಅದರ ಗೊಡವೆ ಎಲ್ಲಿದೆ, ಆಗಲೇ ಹೆಚ್ಚಿನ ಹಾಳೆ ಕೇಳಿ ಇಸಕೊಂಡಾಯಿತು, ಕ್ರಿಸ್ಟಿನ್ ಮಾತ್ರ ಕೊನೆಯ ಪ್ರಶ್ನೆಯ ಮೇಲೆ ಪೆನ್ನೂರಿ ಕೂತಿದ್ದಾಳೆ — ಮರೆಯಲಾಗದ ಒಂದು ದಿನವನ್ನು ಕಥನ ರೂಪದಲ್ಲಿ ಬರೆಯಿರಿ — ಉಳಿದಿರುವುದು ನಲವತ್ತು ನಿಮಿಷ, ಇದು ಮಾಡೆಲ್ ಅಲ್ಲ, ಹತ್ತನೆಯ ತರಗತಿಯ ನಿಜವಾದ ಪರೀಕ್ಷೆ, ಗೈಡಿನಿಂದ ಬಾಯಿಪಾಠ ಮಾಡಿದ ಪ್ರವಾಹದ ಪ್ರಬಂಧ ನಾಲಗೆಯ ತುದಿಯಲ್ಲೇ ಇದೆ, ಕಾರ್ಮೋಡ ಕವಿದಿತ್ತು, ಗುಡುಗು ಆರ್ಭಟಿಸುತ್ತಿತ್ತು, ಅದನ್ನೇ ಇಳಿಸಿಬಿಡೋಣ ಎಂದು ಕಾರ್ಮೋಡ ಅಂತ ಬರೆದಳು, ಅಷ್ಟಕ್ಕೇ ನಗು ಉಕ್ಕಿತು, ಅಂಗೈಯಿಂದ ಬಾಯಿ ಮುಚ್ಚಿಕೊಂಡಳು, ಯಾಕೆಂದರೆ ಮಾಡೆಲ್ ಪರೀಕ್ಷೆಯಲ್ಲೂ ಇದೇ ಗೈಡು, ಅದರ ಹಿಂದಿನ ಪುಟದ ಅಜ್ಜಿಯ ಸಾವು, ಕಳೆದ ವಾರ ನನ್ನ ಪ್ರೀತಿಯ ಅಜ್ಜಿ ನಮ್ಮನ್ನು ಅಗಲಿದರು ಎಂದು ಚಾಚೂ ತಪ್ಪದೆ ಬರೆದಿದ್ದಳು, ಈ ವರ್ಷವಷ್ಟೇ ಶಾಲೆಗೆ ಬಂದ ಕನ್ನಡದ ಗಣೇಶಪ್ರಸಾದ ಮಾಷ್ಟ್ರಿಗೆ ಗೈಡಿನ ಅಜ್ಜಿ ಯಾರು, ಶಿರಿಯದ ಮನೆಯಲ್ಲಿರುವ ಅವಳ ಅಜ್ಜಿ ಯಾರು ಎಂದು ಹೇಗೆ ತಿಳಿಯಬೇಕು, ಪಾಪ, ಆದಿತ್ಯವಾರ ನೆಕ್ರಾಜೆಯಿಂದ ಎರಡು ಬಸ್ಸು ಹಿಡಿದು, ಹೊಳೆಬದಿಯ ಮನೆ ಕೇಳಿಕೊಂಡು, ಕಿತ್ತಳೆಯ ಚೀಲದೊಂದಿಗೆ ಬಂದೇಬಿಟ್ಟರು, ಅಂಗಳದಲ್ಲಿ ಟ್ರೀಜಾ ಅಜ್ಜಿ ಕಾಲು ಚಾಚಿ ಕೂತು ಬೂತಾಯಿ ಮೀನಿನ ಮೈಮೇಲಿನ ಹುರುಪೆ ಕೆರೆಯುತ್ತಿದ್ದರು, ಕ್ರಿಸ್ಟಿನ್‌ಳ ಅಜ್ಜಿ ತೀರಿಕೊಂಡದ್ದು ತಿಳಿಯಿತು, ಬೇಜಾರಾಯಿತು, ಹಾಗೆ ಬಂದೆ ಎಂದು ಮಾಷ್ಟ್ರು ತಗ್ಗಿದ ದನಿಯಲ್ಲಿ ಹೇಳಿದರು, ಅಜ್ಜಿ ಮೀನು ಕೆಳಗಿಟ್ಟು, ಹೌದಾ ಮಾಷ್ಟ್ರೇ, ನನಗೆ ಯಾರೂ ಹೇಳಲೇ ಇಲ್ಲ ಮಾರಾಯ್ರೆ — ಬಾಗಿಲ ಹಿಂದೆ ನಿಂತವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತ್ತು, ಆಮೇಲೆ ಅಜ್ಜಿ ನಕ್ಕರು, ಕೆಮ್ಮು ಬರುವಷ್ಟು ನಕ್ಕರು, ಮಾಷ್ಟ್ರ ಮುಖ ಕೆಂಪಾಯಿತು, ಬಿಳಿಚಿತು, ಕೊನೆಗೆ ಅವರೂ ಜಗಲಿಯ ಮೇಲೆ ಕುಸಿದು ಕೂತು ನಕ್ಕರು, ಬೈಯಲೇ ಇಲ್ಲ, ಹೊರಡುವಾಗ ಇಷ್ಟೇ ಹೇಳಿದರು, ಇದನ್ನು ಬರಿ ಮಾರಾಯ್ತಿ, ಇದು ನಿನ್ನ ಕಥೆ, ಸೂರ್ಯೋದಯದಿಂದ ಶುರು ಮಾಡುವುದು ಬೇಡ, ನಾನು ಬಂದಲ್ಲಿಂದ ಮಾಡು, ಒಂದೇ ದಿನ ಸಾಕು, ಅಜ್ಜಿ ಎಂತ ಹೇಳಿದರೋ ಅದನ್ನೇ ಹಾಕು, ಕೊನೆಗೆ ನೀತಿ ಗೀತಿ ಹೇಳ್ಬೇಡ.

ಕಾರ್ಮೋಡವನ್ನು ಹೊಡೆದು ಹಾಕಿದಳು, ನನ್ನ ಅಜ್ಜಿ ಸತ್ತ ಸುದ್ದಿಯನ್ನು ಅಜ್ಜಿಗೇ ಮೊದಲು ತಿಳಿಸಿದವರು ನಮ್ಮ ಕನ್ನಡ ಮಾಷ್ಟ್ರು, ಬರೆದು ತಾನೇ ಬೆಚ್ಚಿದಳು, ಹೀಗೆ ಬರೆಯಬಹುದೇ, ಬರೆಯಬಹುದು, ಪೆನ್ನು ಓಡುತ್ತಿದೆ, ಮೀನಿನ ವಾಸನೆ ಬಂತು ಹಾಳೆಗೆ, ಅಜ್ಜಿಯ ಕೆಮ್ಮು ಬಂತು, ಹೆಚ್ಚಿನ ಹಾಳೆ ಅವಳೂ ಕೇಳಿದಳು, ಎದ್ದು ನಿಂತೇ ಕೇಳಿದಳು, ಗೈಡಿನಲ್ಲಿ ಇಲ್ಲದ್ದೆಲ್ಲ ತಾನಾಗಿ ಬರುತ್ತಿದೆ, ಐದು ನಿಮಿಷದ ಗಂಟೆ, ಇನ್ನು ಮುಗಿಸಬೇಕು, ಸುಳ್ಳು ಹೇಳಬಾರದೆಂದು ಅಂದು ಕಲಿತೆ — ಅಲ್ಲ, ಅದು ನೀತಿ, ಬೇಡ, ಅಂದು ಮತ್ತೆ ಎಂತ ಆಯಿತು, ಅಜ್ಜಿ ಕೈ ತೊಳೆದು, ತನ್ನ ಸಾವಿಗೆ ಬಂದ ಕಿತ್ತಳೆಯನ್ನು ತಾನೇ ಸುಲಿದು, ಮೊದಲ ಎಸಳನ್ನು ಮಾಷ್ಟ್ರ ಅಂಗೈಗಿಟ್ಟರು, ಎಸಳಿಗೆ ಒಂದು ಹುರುಪೆ ಅಂಟಿತ್ತು, ಬಿಸಿಲಿಗೆ ಬೆಳ್ಳಿಯ ಹಾಗೆ ಮಿನುಗಿತು, ಕ್ರಿಸ್ಟಿನ್ ಕಂಡಳು, ಜನ್ಮದಲ್ಲಿ ಮೀನು ತಿನ್ನದ ಮಾಷ್ಟ್ರೂ ಕಂಡರು, ಅಜ್ಜಿಯ ಮುಖ ನೋಡಿದರು, ಬಾಯಿಗೆ ಹಾಕಿಕೊಂಡರು — ಹುರುಪೆ, ಎಸಳಿನ ಮೇಲೆ ಅಷ್ಟು ಸಣ್ಣ ಹುರುಪೆ, ಅದರಾಚೆಗೆ ಪೆನ್ನು ಹೋಗುತ್ತಿಲ್ಲ, ಹೋಗುವುದೂ ಬೇಡ, ಮಾಷ್ಟ್ರ ಅಂಗೈ, ಕಿತ್ತಳೆ ಎಸಳು, ಮಿನುಗುವ ಹುರುಪೆ