ಎರಡನೇ ಜಗ್ಗು

"ಈಜು ಬರತಿತ್ತು ಅಂತೀರಿ. ಮತ್ತ ಹೆಂಗ ಮುಳುಗಿದಾ?" ಅಗ್ನಿಶಾಮಕ ದಳದ ಸೋಮಪ್ಪ ಮತ್ತೆ ಅದನ್ನೇ ಕೇಳಿದ.

"ಸುರೇಬಾನದಾಗ ನಮ್ಮ ಬಾವ್ಯಾಗ ಹುಟ್ಟಿದಾಗಿಂದ ಈಜಿದ ಮಗಾರೀ ಅಂವಾ!" ಬಾಯವ್ವ ದಂಡೆಯ ಕೆಸರಿನಲ್ಲಿ ಕುಂತು ಎದೆ ಬಡಿದುಕೊಂಡಳು. "ನೀರು ನುಂಗೂವಂಥಾ ಮಗಾ ಅಲ್ಲರೀ!"

ಬಾಯವ್ವನ ಮಗ ಮಾಂತೇಶ ಮೊನ್ನೆ ಸಂಜೆ ಸಿಕ್ಕಿದ್ದನ್ನೆಲ್ಲ ನುಂಗುವ ಬಾಳೆಮೀನಿಗೆ ಗಾಳ ಹಾಕಲು ಡ್ಯಾಮಿನ ಹಿನ್ನೀರಿಗೆ ಇಳಿದವನು ಮರಳಿ ಬಂದಿರಲಿಲ್ಲ. ಬೆಳಗಾದರೆ ಅವನ ಥರ್ಮಾಕೋಲಿನ ತೆಪ್ಪ ಮಾತ್ರ ಪಡುವಣ ದಂಡೆಗೆ ಬಂದು ಬಿದ್ದಿತ್ತು. ಅಲ್ಲಿಯೇ ನಿನ್ನೆಯಿಂದ ಹುಡುಕಾಟ. ಹೆಣ ಸಿಗುವ ತನಕ ಯಾರೂ ಬಲೆ ಬಿಡುವಂತಿಲ್ಲ. ಊರಿನ ತೆಪ್ಪಗಳೆಲ್ಲ ದಡದ ಮೇಲೆ ಬೋರಲು ಬಿದ್ದಿದ್ದವು.

ಮಾಂತೇಶನ ಹೆಂಡತಿ ರಾಣಿ ಅತ್ತೆಯ ಹತ್ತಿರ ಕೂತಿರಲಿಲ್ಲ. ಅವಳು ತನ್ನ ಅಪ್ಪನನ್ನು ನೋಡುತ್ತ ನಿಂತಿದ್ದಳು. ಭೀಮಶಿ ನೀರಿಗೆ ಬೆನ್ನು ಮಾಡಿ ಕೂತಿದ್ದ, ಬಾಯಲ್ಲಿ ಹಚ್ಚದ ಬೀಡಿ. ಅಬ್ಬಾ, ಆ ಮನುಷ್ಯ ಸುಮ್ಮನೆ ಕೂತದ್ದನ್ನು ಈ ಊರು ಕಂಡೇ ಇರಲಿಲ್ಲ! ಧಾರವಾಡದಿಂದ ಮಿರಿಮಿರಿ ಮಿಂಚುವ ಗಾಳದ ಕೋಲು ಹಿಡಿದು ಕಾರಿನಲ್ಲಿ ಬರುವವರು ಮೊದಲು ಅವನ ಕಟ್ಟೆಗೇ ಬರುತ್ತಿದ್ದರು. ಒಂದು ಚಹಾ ಕುಡಿಸಿದರೆ ಸಾಕು, ಯಾವ ಮೀನು ಯಾವ ತಿಂಗಳು ಎಲ್ಲಿ ಮಲಗುತ್ತದೆ ಎಂದು ಕಂಡು ಬಂದವನ ಹಾಗೆ ಹೇಳುತ್ತಿದ್ದ. ಆ ಬಾಯಿ ಈಗ ಹೊಲಿದುಕೊಂಡಿತ್ತು. ಯಾಕೆಂದು ರಾಣಿಗೆ ಗೊತ್ತಿತ್ತು.

ಗಂಡುಮಕ್ಕಳಿಲ್ಲದ ಭೀಮಶಿಗೆ ಅಳಿಯನೆಂದರೆ ಜೀವ. ಸುರೇಬಾನದ ಹೊಲವನ್ನು ಅಣ್ಣಂದಿರಿಗೆ ಬಿಟ್ಟು ಮಾಂತೇಶ ಇಲ್ಲಿಗೇ ಬಂದಿದ್ದ. ಮೊನ್ನೆ ಮಧ್ಯಾಹ್ನ, ರಾಣಿ ರೊಟ್ಟಿ ಬಡಿಯುತ್ತಿರುವಾಗ, ಇಬ್ಬರೂ ಕಟ್ಟೆಯ ಮೇಲೆ ಕೂತಿದ್ದರು. ಯಾರಿಗೂ ಹೇಳದ ಜಾಗವನ್ನು ಅಪ್ಪ ಅವನಿಗೆ ಹೇಳುತ್ತಿದ್ದ.

"ನೋಡ್ರಿ ಅಳಿಯಾರ, ಮಳಿಗಾಲದಾಗ ಬಾಳಿ ನಡುನೀರಾಗ ಎಲ್ಲಿ ಬೇಕಲ್ಲಿ ಅಡ್ಡಾಡತೈತಿ, ಅದರ ಬೆನ್ನ ಹತ್ತಬ್ಯಾಡ್ರಿ. ದೀಪಾವಳಿ ಮುಂದ ನೀರು ತಿಳಿ ಆಗಿ ಮೂಡಗಾಳಿ ಬಿಟ್ಟಿತು ಅಂದ್ರ, ಸಣ್ಣ ಮೀನ ಮುಳುಗಿದ ಊರಿನ ಗ್ವಾಡಿ ಸಂದ್ಯಾಗ ಸೇರತಾವು. ಹೊತ್ತು ಮುಳುಗೂವಾಗ ಇದು ಅವನ್ನ ಹುಡುಕ್ಕೋತ ಬರತೈತಿ. ಗಾಳ ತಳಾ ಮುಟ್ಟಲಿ. ಮೊದಲನೇ ಜಗ್ಗಿಗೆ ದಾರ ಬಿಟ್ಟುಕೊಡ್ರಿ, ನುಂಗಲಿ. ಎರಡನೇದಕ್ಕ ಹಿಡೀರಿ. ದಾರ ಜಾರತೈತಿ, ಮುಂಗೈಗೆ ಸುತ್ತಿಕೊಂಬಿಡ್ರಿ. ಏನಾದ್ರೂ ಆಗ್ಲಿ, ಬಿಡಬ್ಯಾಡ್ರಿ."

"ದೊಡ್ಡದು ಸಿಕ್ರ, ಅಪ್ಪಾ?" ಎಂದು ರಾಣಿ ಒಳಗಿನಿಂದ ಕೇಳಿದ್ದಳು.

"ದೊಡ್ಡದು ಸಿಗಲಿ ಅಂತನ ಹೋಗೂದಲ್ಲೇನವ್ವಾ?"

ಮೂವರೂ ನಕ್ಕಿದ್ದರು. ಭೀಮಶಿ ಜೀವಮಾನವೆಲ್ಲ ಹಾಗೆಯೇ ಹಿಡಿದವನು. ಆದರೆ ಅವನದು ಅಗಲವಾದ, ಭಾರದ ಹರಗೋಲು. ಎಂಥ ಮೀನು ಎಳೆದರೂ ಅಲ್ಲಾಡದು. ಮಾಂತೇಶ ಕೂತು ಹೋದದ್ದು ಥರ್ಮಾಕೋಲಿನ ಹಲಗೆಯ ಮೇಲೆ. ಆ ವ್ಯತ್ಯಾಸ ಆಗ ಯಾರ ತಲೆಗೂ ಹೊಳೆಯಲಿಲ್ಲ.

ರಾಣಿ ಹೋಗಿ ಅಪ್ಪನ ಎದುರು ಕುಕ್ಕರುಗಾಲಿನಲ್ಲಿ ಕುಂತಳು.

"ಅಪ್ಪಾ, ದೋಣಿಯವ್ರು ಸುಳ್ಳ ಅಲ್ಲಿ ಹುಡುಕಾಕ ಹತ್ತ್ಯಾರ. ತೆಪ್ಪ ಗಾಳಿಗೆ ಹೋಗೇತಿ. ನಮ್ಮನಿಯವ್ರು ಹೋಗಿಲ್ಲ."

"ಸಣ್ಣಕ ಮಾತಾಡ. ಬೀಗತಿ ಕೇಳತಾಳ."

"ಕೇಳಲಿ. ಎಲ್ಲಿ ಅದಾರ ಅಂತ ನಿನಗ ಗೊತ್ತೈತಿ."

ಭೀಮಶಿಯ ತುಟಿಯಿಂದ ಬೀಡಿ ಬಿತ್ತು. "ಕೈಯಾಗಿನ ದಾರ ನೋಡಿದ್ರ ಇದನ್ಯಾರು ಹೇಳಿಕೊಟ್ರು ಅಂತ ಕೇಳತಾರವ್ವಾ. ಆಕಿಗೆ ಏನ ಅಂತ ಹೇಳ್ಲಿ? ಒಂದಿನ ತಡಿ. ದಾರ ಹರೀತೈತಿ, ತಾವಾ ಮ್ಯಾಲ ಬರತಾರ."

"ಬಾಳಿ ತಡೀತೈತೇನು?"

ಅವನು ಬಿದ್ದ ಬೀಡಿಯನ್ನು ಎತ್ತಿ ಕಿವಿಗೆ ಸಿಕ್ಕಿಸಿಕೊಂಡ.

"ನಾ ನಿನ್ನ ಮಗಳು, ಅಪ್ಪಾ. ಅದರ ಹೊಟ್ಟಿ ಸೀಳೀನಿ. ಒಳಗ ಏನೇನ ಇರತೈತಿ ಅಂತ ನನಗ ಗೊತ್ತೈತಿ." ಅವಳು ಅಪ್ಪನ ತೋಳು ಹಿಡಿದಳು. "ಏಳ."

ಅವನು ಮೊಣಕಾಲಿಗೆ ಕೈ ಊರಿ ಎದ್ದ. ಸೋಮಪ್ಪನ ದೋಣಿ ದಡಕ್ಕೆ ಬಂದಾಗ, ಜಾಗ ತೋರಿಸುತ್ತೇನೆಂದು ಭೀಮಶಿ ಹತ್ತಿದ; ಯಾರನ್ನೂ ಕೇಳದೆ ರಾಣಿಯೂ ಹತ್ತಿದಳು. "ಹೆಣ್ಣಮಗಳು ಬ್ಯಾಡ" ಎಂದು ದಂಡೆಯ ಮೇಲಿಂದ ಯಾರೋ ಕೂಗಿದರು. ಸೋಮಪ್ಪ ಅವಳ ಮುಖ ನೋಡಿ ಸರಿದು ಜಾಗ ಕೊಟ್ಟ.

ಭೀಮಶಿ ಕೈ ತೋರಿಸುತ್ತ ಹೋದ. ಯಲ್ಲಮ್ಮನ ಗುಡ್ಡ ಎಡಕ್ಕೆ, ಪಂಪ್‌ಹೌಸು ನೇರ ಬೆನ್ನಿಗೆ ಬಂದಲ್ಲಿ ಕೈ ಇಳಿಸಿದ. "ಇಲ್ಲೇ. ಬುಡಕ ಹಳೇ ಊರಿನ ಹಣಮಪ್ಪನ ಗುಡಿ ಐತಿ. ಬಾಜೂಕ ಹುಣಸಿ ಬೊಡ್ಡಿ."

ಬಾವಿಗೆ ಬಿದ್ದ ಕೊಡ ಎತ್ತುವ ಪಾತಾಳಗರಡಿಯಂಥದ್ದೇ, ಅದಕ್ಕಿಂತ ದೊಡ್ಡ ಕೊಕ್ಕೆಯನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟರು. ಬರೇ ಕಲ್ಲು. ಮತ್ತೆ ಬಿಟ್ಟರು. ಈ ಸಲ ಹಗ್ಗ ಭಾರವಾಯಿತು. ಇಬ್ಬರು ಸೇರಿ ಎಳೆದರು. ಮೊದಲು ಕಂಡದ್ದು ಅಂಗಿ. ದೀಪಾವಳಿಗೆಂದು ರಾಣಿಯೇ ಸವದತ್ತಿಯಲ್ಲಿ ಆರಿಸಿದ್ದ ನೀಲಿ ಅಂಗಿ. ಹಬ್ಬಕ್ಕೆ ಮೊದಲೇ ಯಾಕೆ ಹಾಕಿಕೊಂಡಿರಿ ಎಂದು ಅವಳು ಮೊನ್ನೆ ಜಗಳ ತೆಗೆದಿದ್ದಳು. ಬಾಳೆ ತಡೆದಿರಲಿಲ್ಲ. ಸೋಮಪ್ಪ ಗಡಿಬಿಡಿಯಿಂದ ಮುಖದ ಮೇಲೆ ಟವೆಲ್ ಹಾಕಿದ.

ಮೈ ದೋಣಿಗೆ ಬಂತು, ಬಲಗೈ ಬರಲಿಲ್ಲ. ಅದು ದೋಣಿಯ ಅಂಚಿನಿಂದ ಕೆಳಗೆ ಚಾಚಿಕೊಂಡೇ ಇತ್ತು. ಮುಂಗೈಗೆ ನೈಲಾನ್ ದಾರ ಸುತ್ತುಸುತ್ತಾಗಿ ಕಚ್ಚಿತ್ತು. ಅದರ ಇನ್ನೊಂದು ತುದಿ ಬಿಗಿಯಾಗಿ ನೀರಿನೊಳಕ್ಕೆ ಹೋಗಿತ್ತು.

"ಅಯ್ಯ, ಇದನ್ಯಾವ ಮೂರ್ಖ ಹೇಳಿಕೊಟ್ಟಾ ಇವಗ?" ಎನ್ನುತ್ತ ಸೋಮಪ್ಪ ಚಾಕು ತೆಗೆದ.

"ಕೊಯ್ಯಬ್ಯಾಡ್ರಿ," ಎಂದ ಭೀಮಶಿ. "ಕೈಗೆ ಹತ್ತೀತು. ಅಳಿಯಾರ ಕೈ ಅದು. ನಾ ಬಿಡಸ್ತೇನಿ."

ಅವನು ದಾರವನ್ನು ಜಗ್ಗಿದ. ಕೆಳಗೆಲ್ಲೋ ಸಿಕ್ಕಿಕೊಂಡದ್ದು ಬಿಟ್ಟು ಸಡಿಲವಾಯಿತು. ಆಮೇಲೆ ಒಂದೊಂದೇ ಸುತ್ತು ಬಿಚ್ಚಿದ. ಉಬ್ಬಿದ ಚರ್ಮದೊಳಗೆ ಹುಗಿದುಹೋಗಿದ್ದ ದಾರವನ್ನು ಉಗುರಿನಿಂದ ಎತ್ತಿ, ಮಗುವಿನ ಕೈಯ ಮುಳ್ಳು ತೆಗೆಯುವಂತೆ ತೆಗೆದ. ಕಣ್ಣೀರು ಸುರಿದು ಅವನಿಗೆ ಏನೂ ಕಾಣುತ್ತಿರಲಿಲ್ಲ. ರಾಣಿ ಅವನ ಕೈಗಳನ್ನೇ ನೋಡುತ್ತಿದ್ದಳು. ಅಳಿಯನ ಕೈಯಿಂದ ಬಿಚ್ಚಿದ ಒಂದೊಂದು ಸುತ್ತನ್ನೂ ಅಪ್ಪ, ಗೊತ್ತಿಲ್ಲದೆ, ತನ್ನ ಎಡ ಮುಂಗೈಗೆ ಸುತ್ತಿಕೊಳ್ಳುತ್ತಿದ್ದ.

ಕೊನೆಯ ಸುತ್ತು ಬಿಟ್ಟಿತು. ಮಾಂತೇಶನ ಕೈ ದೋಣಿಯೊಳಗೆ ಬಿತ್ತು.

ಆಗ ಕೆಳಗಿನಿಂದ ದಾರ ಜಗ್ಗಿತು. ಜೀವಂತ ಜಗ್ಗು. ದೋಣಿಯಲ್ಲಿದ್ದ ಎಲ್ಲರೂ ಕಂಡರು. ಭೀಮಶಿಯ ಕೈ ತಾನಾಗಿ, ಮೆಲ್ಲಗೆ, ಒಂದು ಮೊಳ ದಾರ ಬಿಟ್ಟುಕೊಟ್ಟಿತು. ಬೆರಳುಗಳು ಬಿಗಿಯಲು ತಯಾರಾದವು.

ರಾಣಿ ಎರಡನೆಯದಕ್ಕೆ ಕಾಯಲಿಲ್ಲ. ಸೋಮಪ್ಪನ ಕೈಯಿಂದ ಚಾಕು ಕಸಿದುಕೊಂಡು ದಾರ ಕೊಯ್ದಳು.

ದಂಡೆಯ ಮೇಲೆ ಬಾಯವ್ವ ಎದ್ದು ನಿಂತು, ಕಣ್ಣಿಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದಳು. ದೋಣಿ ಅವಳ ಕಡೆಗೆ ತಿರುಗಿತು. ಭೀಮಶಿಯ ಮುಂಗೈಯಿಂದ ಜೋತ ದಾರದ ತುಂಡು ನೀರಿನ ಮೇಲೆ ಅವರ ಹಿಂದೆಯೇ ಬರುತ್ತಿತ್ತು.